ನಿಗೂಢ ಸೀರೀಸ್ ಮಾಡಾವ್ರಿಗೆ ಕೊನಿ ಮೊದಲ ಗೊತ್ತಿರತೈತೇನು? ಗೊತ್ತಿದ್ರೂ ಚಲೋ ಆಗತೈತೇನು?

ಕ್ಯಾಂಪ್‌ಕಡೆಯಾಂವ, ಬೆಳಗಾವಿ

ಮೊದಲ ಹೇಳಿಬಿಡ್ತೀನಿ, ಕೆಳಗ ಲಾಸ್ಟ್, ಡಾರ್ಕ್, ಟ್ವಿನ್ ಪೀಕ್ಸ್, ಹೌ ಐ ಮೆಟ್ ಯುವರ್ ಮದರ್ ಎಲ್ಲಾದರ ಗುಟ್ಟೂ ಬಯಲಾಗತೈತಿ. ನೋಡಬೇಕಂತ ಇಟ್ಕೊಂಡಾವ್ರು ಇಲ್ಲಿಂದ ಹೊಳ್ಳಿ ಹೋಗ್ರಿ, ಆಮ್ಯಾಲ ನನಗ ಬೈಬ್ಯಾಡ್ರಿ.

ವಿಷಯ ಏನಪಾ ಅಂದ್ರ, ಈ ನಿಗೂಢ ಸೀರೀಸ್ ಮಾಡಾವ್ರು ಇಂಟರ್‌ವ್ಯೂದಾಗ ಒಂದ ಮಾತು ತಪ್ಪದ ಹೇಳ್ತಾರ, ನಮಗ ಕೊನಿ ಮೊದಲಿಂದ ಗೊತ್ತೈತಿ, ಎಲ್ಲಾ ಪ್ಲ್ಯಾನ್ ಆಗೇತಿ, ನೀವ ಸುಮ್ನ ನಂಬಿ ನೋಡ್ರಿ ಅಂತ. ನಾವೂ ನಂಬತೀವಿ. ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ನೆನಪೈತೇನು? ಸುರುವಿನ್ಯಾಗ ಸೈಲಾನ್ ಅನ್ನೂ ಯಂತ್ರದ ಮಂದಿ ಬಗ್ಗೆ ನಾಕ ಸಾಲು ತೋರಿಸಿ, ಅವರ ಹತ್ರ ಒಂದು ಯೋಜನೆ ಐತಿ ಅಂತ ಪರದೆ ಮ್ಯಾಲ ಬರೀತಿದ್ರು. ಆಮ್ಯಾಲ ನೋಡಿದ್ರ ಬರೆಯಾವ್ರ ಹತ್ರನ ಯೋಜನೆ ಇದ್ದಿಲ್ಲ, ಮನಶ್ಯಾರ ನಡಬರಕ ಅಡಗಿದ ಕಡೀ ಐದು ಸೈಲಾನ್ ಯಾರು ಅನ್ನೂದನ್ನ ಅರ್ಧ ದಾರಿ ದಾಟಿದ ಮ್ಯಾಲ ಕುಂತು ಆರಿಸಿದ್ರು.

ನನ್ನ ವಾದ ಇಷ್ಟ. ಕೊನಿ ಏನು ಅನ್ನೂದಕ್ಕ ನಾವು ಸುಮ್ನ ಭಾಳ ಕಿಮ್ಮತ್ತು ಕೊಡಾಕತ್ತೀವಿ, ಅದಕ್ಕಿಂತ ಕೊನಿ ಯಾವತ್ತು ಅನ್ನೂದು ಗೊತ್ತಿರಬೇಕು. ಮುಗಿಯೂ ತಾರೀಖು ಗೊತ್ತಿಲ್ಲದಾಂವ ಗುಟ್ಟು ಹೊಟ್ಯಾಗ ಇಟ್ಕೊಂಡು ಎಷ್ಟ ವರ್ಷ ಓಡ್ಯಾನು?

ಲಾಸ್ಟ್ ತಗೋರಿ, ವಿಮಾನ ಬಿದ್ದು ದ್ವೀಪದಾಗ ಸಿಕ್ಕೊಂಡ ಮಂದಿ ಕಥಿ. 2004ರ ಸೆಪ್ಟೆಂಬರ್‌ದಾಗ ಅಮೆರಿಕಾದ ಎಬಿಸಿ ಚಾನೆಲ್‌ನ್ಯಾಗ ಸುರುವಾತು, ಸೀಸನ್ನಿಗೆ ಇಪ್ಪತ್ತರ ಮ್ಯಾಲ ಎಪಿಸೋಡು, ಮಂದಿ ಮುಗಿಬಿದ್ದು ನೋಡಾಕತ್ರು, ಅಂದ ಮ್ಯಾಲ ಚಾನೆಲ್‌ನವ್ರು ಯಾಕ ನಿಂದರಿಸ್ಯಾರು. ಮೂರನೇ ಸೀಸನ್ ಹೊತ್ತಿಗೆ ಬರೆಯಾವ್ರಿಗೆ ಉತ್ತರ ಕೊಡೂ ಹಂಗಿಲ್ಲ, ಕೊಡದ ಇರೂ ಹಂಗೂ ಇಲ್ಲ. ನಾಯಕ ಜ್ಯಾಕ್‌ನ ತೋಳಿನ ಮ್ಯಾಲಿನ ಹಚ್ಚಿ ಎಲ್ಲಿ ಹಾಕಿಸಿಕೊಂಡಾ ಅನ್ನೂದಕ್ಕ ಒಂದು ಪೂರ್ತಿ ಎಪಿಸೋಡು ಕೊಟ್ರು ನೋಡ್ರಿ. ಥಾಯ್ಲೆಂಡ್, ಸಮುದ್ರ ದಂಡಿ, ಗಾಳಿಪಟ ಹಾರಿಸೂದು, ಯಾರ ಕೇಳಿದ್ರ ಅದನ್ನ. ಆಮ್ಯಾಲ 2007ರ ಮೇ ತಿಂಗಳದಾಗ ಚಾನೆಲ್ಲು ಬರೆಯಾವ್ರು ಕೂಡಿ ಠರಾವು ಮಾಡಿದ್ರು, ಇನ್ನ 48 ಎಪಿಸೋಡು, ಮೂರು ಸೀಸನ್, 2010ಕ್ಕ ಬಂದ್. ಅದ ತಿಂಗಳ ಮೂರನೇ ಸೀಸನ್ನಿನ ಕಡೀ ಎಪಿಸೋಡು ಬಂತು. ಹಿಂದಿನ ಕಥಿ ಅಂತ ತಿಳ್ಕೊಂಡು ನೋಡಕೋತ ಬಂದಿರ್ತೀವಿ, ಗಡ್ಡಾ ಬಿಟ್ಟ ಜ್ಯಾಕ್ ವಿಮಾನ ನಿಲ್ದಾಣದ ಹೊರಗ ದ್ವೀಪದಾಗ ಜೊತಿಗಿದ್ದ ಕೇಟ್ ಕೂಡ ಮಾತಾಡಾಕ ನಿಂತಾಗ ಗೊತ್ತಾಗತೈತಿ ಇದು ದ್ವೀಪದಿಂದ ಪಾರಾಗಿ ಬಂದ ಮ್ಯಾಲಿನ ಕಥಿ ಅಂತ. ತಾರೀಖು ಕೈಯಾಗ ಇಲ್ಲದಾಂವಗ ಅಷ್ಟು ಧೈರ್ಯ ಬರೂದಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮದೇನ ಹೇಳ್ರಿ.

ಗುಮ್ಮಟದ_ಗುಂಯ್, ವಿಜಯಪುರ

ಅಣ್ಣಾ, ಅರ್ಧಾ ಒಪ್ತೀನ್ರಿ. ಆದ್ರ ಲಾಸ್ಟ್ ಕೊನಿ ಯಾರಿಗ್ ಸೇರ್ತ್ರಿ? ನಾವೆಲ್ಲಾ ಇಂಜಿನಿಯರಿಂಗ್ ಓದೂಮುಂದ ಪೆನ್‌ಡ್ರೈವ್ ಹಿಡ್ಕೊಂಡು ರೂಮಿಂದ ರೂಮಿಗೆ ಓಡ್ಯಾಡಿ ನೋಡಿದ್ದದು, ಕಡೀಕ್ ಎಲ್ಲಾರೂ ಚರ್ಚಿನಾಗ ಕೂಡಿ ನಕ್ಕೋತ ಬೆಳಕಿನಾಗ ಹೋದ್ರು, ಮುಗೀತು. ಕಥಿತುಂಬಾ ಮತ್ತ ಮತ್ತ ಬರೂ ಆ ಅಂಕಿ ಏನಾದ್ವು, 4, 8, 15, 16, 23, 42? ವಾಲ್ಟ್ ಅನ್ನೂ ಹುಡುಗಗ ಏನ್ ಶಕ್ತಿ ಇತ್ತು? ಎಲ್ಲಾರೂ ಮೊದಲ ಸತ್ತಿದ್ರು ಅಂತ ತೋರಿಸಿ ಕೈ ತೊಳ್ಕೊಂಡ್ರು. ಮೂರು ವರ್ಷ ಮೊದಲ ತಾರೀಖು ಗೊತ್ತಿದ್ದೂ ಹಿಂಗ ಮಾಡ್ಯಾರ ಅಂದ್ರ ನಿಮ್ಮ ವಾದ ಎಲ್ಲಿ ನಿಂದರ್ತದ?

ಜಮಖಂಡಿಬೆಲ್ಲ

ಎಲ್ಲಾರೂ ಮೊದಲ ಸತ್ತಿದ್ರು ಅನ್ನೂದನ್ನ ಇನ್ನ ಎಷ್ಟ ವರ್ಷ ಓಡಸ್ತೀರೋ ಅಣ್ಣಾರ. ಆ ಚರ್ಚಿನ್ಯಾಗ ಜ್ಯಾಕ್‌ನ ಅಪ್ಪನ ಬಾಯಿಲೆ ಬಿಡಿಸಿ ಬಿಡಿಸಿ ಹೇಳಸ್ಯಾರ, ದ್ವೀಪದಾಗ ಆದದ್ದೆಲ್ಲಾ ಖರೇನ ಆದದ್ದು, ಕೆಲವ್ರು ನಿನಗಿಂತ ಮೊದಲ ಸತ್ರು, ಕೆಲವ್ರು ನಿನ್ನ ನಂತರ ಭಾಳ ದಿನಾ ಬಾಳಿ ಸತ್ರು ಅಂತ. ಆರನೇ ಸೀಸನ್‌ನ್ಯಾಗ ಬರೂ ಆ ಇನ್ನೊಂದು ಬದುಕು ಅಷ್ಟ ಸತ್ತ ಮ್ಯಾಲಿಂದು. ಗೊಂದಲ ಹಚ್ಚಿದ್ದು ಚಾನೆಲ್‌ನವ್ರು. ಕಥಿ ಮುಗದು ಹೆಸರು ಬರೂ ಹೊತ್ತಿನ್ಯಾಗ ದಂಡಿ ಮ್ಯಾಲ ಬಿದ್ದ ವಿಮಾನದ ತುಂಡು ತೋರಿಸಿದ್ರು, ಒಂದ ಮನಶ್ಯಾ ಇಲ್ಲ ಅದರಾಗ. ಬರೆಯಾವ್ರು ಸೇರಿಸಿದ್ದಲ್ಲ ಅದು, ಅತ್ತು ಕುಂತ ಮಂದಿ ಸುದ್ದಿ ಸುರುವಾಗೂಕಿಂತ ಮೊದಲ ಒಂಚೂರು ಸಮಾಧಾನ ಆಗಲಿ ಅಂತ ಚಾನೆಲ್ಲ ಹಾಕಿದ್ದು. ಮಂದಿ ಏನ ತಿಳ್ಕೊಂಡ್ರು, ಓ ಅಂದ್ರ ಯಾರೂ ಬದುಕೇ ಇದ್ದಿಲ್ಲ!

ಅಂಕಿದು ಉತ್ತರ ಐತಿ, ದ್ವೀಪ ಕಾಯೂ ಜೇಕಬ್‌ನ ಪಟ್ಟಿಯೊಳಗ ಒಬ್ಬೊಬ್ಬರಿಗೆ ಒಂದೊಂದು ನಂಬರ್, ಲಾಕ್‌ಗ 4, ಹರ್ಲಿಗೆ 8, ಸಾಯರ್‌ಗ 15, ಜ್ಯಾಕ್‌ಗ 23. ಅವೇ ಅಂಕಿ ಯಾಕ ಅಂತ ಕೇಳಿದ್ರ ಮಾತ್ರ ಉತ್ತರಿಲ್ಲ. ವಾಲ್ಟ್‌ಂದು ಬ್ಯಾರೇನ ಕಥಿ. ಕಥಿಯೊಳಗ ಎರಡ ತಿಂಗಳು ಆಗಿರತೈತಿ, ಹೊರಗ ಎರಡ ವರ್ಷ, ಹುಡುಗ ಬೆಳದು ಬಿಟ್ಟಾನ, ಏನ ಮಾಡ್ತೀರಿ? ದೋಣಿ ಹತ್ತಿಸಿ ಕಳಿಸಿದ್ರು. ನಮ್ಮ ಧಾರಾವಾಹಿ ಆಗಿದ್ರ ಇನ್ನು ಮುಂದೆ ಈ ಪಾತ್ರದಲ್ಲಿ ಅಂತ ಕೆಳಗ ಒಂದು ಪಟ್ಟಿ ಓಡಿಸಿ ಬ್ಯಾರೆ ಹುಡುಗನ್ನ ತಂದು ನಿಂದರಿಸಿಬಿಡ್ತಿದ್ರು, ಕೆಲಸ ಸಸಾರ.

ಗುಮ್ಮಟದ_ಗುಂಯ್, ವಿಜಯಪುರ

ಅಕ್ಕಾರ, ಸತ್ತಿರಲಿಲ್ಲ ಅಂತ ಇಟ್ಕೊಳ್ರಿ. ಚರ್ಚಿನಾಗ ಕುಂದ್ರಿಸಿ ಅಪ್ಪನ ಬಾಯಿಂದ ವಿವರಣೆ ಕೊಡಿಸೂ ಪಾಳಿ ಬಂತಂದ್ರ ಅದನ್ನ ಚಲೋ ಕೊನಿ ಅಂತಾರೇನ್ರಿ?

ಹಾಸ್ಟೆಲ್_ಹುಡುಗ, ಬೆಳಗಾವಿ

ನಾಳೆ ಇಂಟರ್ನಲ್ ಐತಿ, ನಾ ಇಲ್ಲಿ ಚುರಮರಿ ಹಿಡ್ಕೊಂಡು ಇದನ್ನ ಓದಾಕತ್ತೀನಿ 😂

ಸೆರಗಕೊಂಡಿ, ಇಳಕಲ್

ನಂದೊಂದು ಮಾತ ಹೇಳ್ತೀನ್ರಿ, ನಾವು ಮಗ್ಗದ ಮನಿತನದಾವ್ರು. ಇಳಕಲ್ ಸೀರಿ ಒಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ರೇಷ್ಮಿ ಹಾಸು ಬ್ಯಾರೆ, ಅವೆರಡನ್ನೂ ಎಳಿ ಎಳಿ ಕೊಂಡಿ ಹಾಕಿ ಜೋಡಸ್ತಾರ, ಜೋಡಿಸಿದ ಮ್ಯಾಲ ನೇಯೂದು. ಅಂದ್ರ ಸೆರಗು ಎಂಥಾದ್ದು ಅನ್ನೂದೂ ಮೊದಲ ಗೊತ್ತಿರಬೇಕು, ಒಡಲು ಎಷ್ಟ ಉದ್ದ ಅನ್ನೂದೂ ಮೊದಲ ಗೊತ್ತಿರಬೇಕು. ನೇಯೂಮುಂದ ಯಾರರ ಬಂದು ಭಾಳ ಚಂದ ಬರಾಕತೈತಿ ಇನ್ನ ಹತ್ತು ಮೊಳ ನೇಯಿ ಅಂದ್ರ ಎಲ್ಲಿಂದ ತರೂದ್ರಿ? ಕ್ಯಾಂಪ್ ಅಣ್ಣಾರು ತಾರೀಖು ಒಂದ ಸಾಕು ಅನ್ನೂ ಹಂಗ ಮಾತಾಡ್ಯಾರ, ಅದಕ್ಕ ನಂದು ತಕರಾರು. ಎರಡೂ ಬೇಕು.

ಡಾರ್ಕ್ ನೋಡ್ರಿ, ಕಾಲದಾಗ ಹಿಂದ ಮುಂದ ಓಡ್ಯಾಡೂ ಜರ್ಮನ್ ಸೀರೀಸ್. 2017ಕ್ಕ ಸುರುವಾತು, 2020ಕ್ಕ ಮುಗೀತು, 10, 8, 8, ಒಟ್ಟ 26 ಎಪಿಸೋಡು. ಮಾಡಿದಾವ್ರು ಗಂಡ ಹೆಂಡತಿ, ಬಾರಾನ್ ಬೋ ಓಡಾರ್ ಮತ್ತ ಯಾಂಟ್ಯೆ ಫ್ರೀಝ, ಮೂರ ಸೀಸನ್ ಅಂತ ಮನಸ್ಸಿನ್ಯಾಗ ಇಟ್ಕೊಂಡ ಹೊಂಟಿದ್ರು. ಕಥಿ 33 ವರ್ಷಕ್ಕೊಮ್ಮೆ ತಿರುಗತೈತಿ, 1953, 1986, 2019. ಮೊದಲನೇ ಸೀಸನ್‌ನ್ಯಾಗ ಮಿಕೆಲ್ ಅನ್ನೂ ಸಣ್ಣ ಹುಡುಗ ಗವಿ ಕಡೆ ಕಳದ ಹೋಗಿ 1986ರಾಗ ಹೊರಗ ಬರ್ತಾನ, ಅಲ್ಲೇ ಬೆಳದು ದೊಡ್ಡಾಂವಾಗಿ ಕಥಿ ನಾಯಕ ಯೋನಾಸ್‌ಗ ಅಪ್ಪ ಆಗ್ತಾನ. ಅದನ್ನ ತಿಳಿದ ಮ್ಯಾಲ ಮೊದಲನೇ ಎಪಿಸೋಡು ಹೊಳ್ಳಿ ಹಾಕಿ ನೋಡ್ರಿ, ಸುರುವಿಗೆ ಉರ್ಲು ಹಾಕ್ಕೊಳ್ಳೂ ಆ ಮನಶ್ಯಾ ಯಾರು, ಅಂವಾ ಬಿಟ್ಟು ಹೋದ ಚೀಟಿ ಮ್ಯಾಲ ತೆಗಿಯೂ ವ್ಯಾಳ್ಯಾ ಯಾಕ ಬರದಿರತೈತಿ, ಒಂದೂ ಪುಕ್ಕಟೆ ಇಟ್ಟಿಲ್ಲ. ಮ್ಯಾಲ ಇನ್ನೊಂದು, ಕಥಿಯೊಳಗ ಜಗತ್ತು ಮುಳುಗೂ ದಿನ 2020ರ ಜೂನ್ 27, ಮೂರನೇ ಸೀಸನ್ ಬಿಟ್ಟದ್ದೂ ಅದ ದಿನ. ಲಾಕ್‌ಡೌನ್ ಹೊತ್ತಿನ್ಯಾಗ ಮಗ್ಗ ನಿಂತು ಕುಂತಿದ್ವಿ, ಆವತ್ತ ನಮ್ಮ ತಮ್ಮ ರಾತ್ರೆಲ್ಲಾ ಮಲಗಲಿಲ್ಲ.

ಹಾಸ್ಟೆಲ್_ಹುಡುಗ, ಬೆಳಗಾವಿ

ಅಕ್ಕಾ ಡಾರ್ಕ್ ಸೂಪರ್, ಆದ್ರ ಅದ ಮಂದಿ 1899 ಮಾಡಿದ್ರಲ್ಲ ಅದರ ಗತಿ ಏನಾತು. 2022ರ ನವೆಂಬರ್‌ದಾಗ ಬಂತು, ಎಂಟ ಎಪಿಸೋಡು, ಹಡಗು, ಕಡೀಕ ಕಣ್ಣ ತೆರದ್ರ ಬಾಹ್ಯಾಕಾಶ, ಯಪ್ಪಾ ಅನ್ನಿಸಿತು, 2023ರ ಜನವರಿಗೆ ನೆಟ್‌ಫ್ಲಿಕ್ಸ್‌ನವ್ರು ಬಂದ್ ಮಾಡಿದ್ರು. ಅದಕ್ಕೂ ಮೂರ ಸೀಸನ್ ಪ್ಲ್ಯಾನ್ ಇತ್ತು, ಅದ ಬರೆಯಾವ್ರು, ಅದ ಪದ್ಧತಿ. ದಿ ಓಎ ಅಂತ ಇನ್ನೊಂದು, ಐದು ಸೀಸನ್ ಲೆಕ್ಕ ಹಾಕ್ಕೊಂಡು ಕುಂತಿದ್ರು, ಎರಡಕ್ಕ ಕಡದ್ರು. ಹಂಗಾದ್ರ ಕೊನಿ ತಾರೀಖು ಬರೆಯಾವ್ರ ಕೈಯಾಗ ಎಲ್ಲೈತಿ? ರೊಕ್ಕ ಹಾಕಾವ್ರ ಕೈಯಾಗ ಐತಿ. ನಾವು ನೋಡಾವ್ರು ಮೊದಲನೇ ಸೀಸನ್ ನೋಡಬೇಕೋ ಬ್ಯಾಡೋ ಅಂತ ಕಾಯ್ಕೋತ ಕುಂದ್ರತೀವಿ, ಪೂರ್ತಿ ಆದ ಮ್ಯಾಲ ನೋಡೋಣು ಅಂತ, ನಾವು ನೋಡಲಿಲ್ಲ ಅಂತ ಅವ್ರು ಕಡೀತಾರ, ಕಡದ್ರಲ್ಲಾ ಅಂತ ನಾವು ಮುಂದಿಂದೂ ನೋಡೂದಿಲ್ಲ.

ನಿವೃತ್ತ_ಮಾಸ್ತರ, ಬೈಲಹೊಂಗಲ

ಹುಡುಗೂರ, ನೀವು ಹೇಳೂ ಇಂಗ್ಲಿಷ್ ಸೀರೀಸ್ ನಾ ಯಾವೂ ನೋಡಿಲ್ಲ, ಮೊಮ್ಮಗ ಈ ಪುಟ ತೋರಿಸಿದ, ಓದಿ ಬರೀಬೇಕನಿಸಿತು. ನಮ್ಮೂರಾಗ ಖರೇನ ನಡದದ್ದು ಅಂತ ಹೇಳೂ ಕಥಿ ಸಂಗ್ಯಾ ಬಾಳ್ಯಾ, ಸಣ್ಣಾಟ. ಇನ್ನೊಬ್ಬರ ಹೆಂಡತಿ ಗಂಗಿ ಮ್ಯಾಲ ಸಂಗ್ಯಾ ಮನಸ್ಸ ಇಡ್ತಾನ, ದೋಸ್ತ ಬಾಳ್ಯಾ ನಡಬರಕ ನಿಂತು ಕೂಡಸ್ತಾನ, ಕಡೀಕ ಸಂಗ್ಯಾನ ಕೊಲಿ ಆಗತೈತಿ. ಇದು ಕಟ್ಟಿ ಮ್ಯಾಲ ಕುಂತ ಸಣ್ಣ ಕೂಸಿಗೂ ಗೊತ್ತು. ಗೊತ್ತಿದ್ದೂ ಬೆಳತನಕಾ ಕುಂತು ನೋಡ್ತಿದ್ವಿ, ಚಾದರ ಹೊಚಕೊಂಡು. ಸಂಗ್ಯಾ ಹೊಂಟು ನಿಂತಾಗ ಹೋಗಬ್ಯಾಡೋ ಅಂತ ಹೆಂಗಸರು ಕುಂತಲ್ಲಿಂದ ಒದರತಿದ್ರು. ಕೊನಿ ಮುಚ್ಚಿ ಇಡೂದರಾಗ ಅಷ್ಟೇನ ಮಜಾ ಇದ್ದಿದ್ರ ಎರಡನೇ ಸಲ ಆಟಕ್ಕ ಯಾರ ಬರ್ತಿದ್ರು? ನೀವು ಗುಟ್ಟಿನ ಹಿಂದ ಬಿದ್ದು ಮನಶ್ಯಾನ್ನ ನೋಡೂದು ಬಿಟ್ಟೀರಿ ಅಂತ ನನಗ ಕಾಣಸ್ತೈತಿ.

ಕ್ಯಾಂಪ್‌ಕಡೆಯಾಂವ, ಬೆಳಗಾವಿ

ಮಾಸ್ತರ, ನಮಸ್ಕಾರ್ರಿ. ನೀವು ಬರದದ್ದು ಓದಿ ಖುಷಿ ಆತು, ಆದ್ರ ಒಂದು ಮಾತು ಒಪ್ಪಾಕ ಆಗೂದಿಲ್ಲರಿ. ಸಂಗ್ಯಾ ಬಾಳ್ಯಾ ಆಡಾವ್ರು ನಿಮಗ ಒಂದು ಗುಟ್ಟು ಹೇಳ್ತೀವಿ ಕುಂದರ್ರಿ ಅಂತ ಮಾತ ಕೊಟ್ಟಿಲ್ಲ, ಹಿಂಗಾಗತೈತಿ, ಹೆಂಗಾಗತೈತಿ ಅನ್ನೂದನ್ನ ನೋಡ್ರಿ ಅಂತ ಕರದಾರ. ಈ ಸೀರೀಸ್‌ನವ್ರು ಹಂಗಲ್ಲ, ಪ್ರತಿ ಎಪಿಸೋಡಿನ ಕಡೀಕೂ ಬಾಕಿ ಬರಸ್ತಾರ, ಈ ಬಾಗಲದಾಗ ಏನೈತಿ ಮುಂದಿನ ವಾರ, ಈ ಮನಶ್ಯಾ ಯಾರು ಮುಂದಿನ ವರ್ಷ. ಬಾಕಿ ಬರಸಿದ ಮ್ಯಾಲ ತೀರಸಬೇಕೋ ಬ್ಯಾಡೋ?

ಸೆರಗಕೊಂಡಿ ಅಕ್ಕಾರ, ಎರಡೂ ಇದ್ರ ಭಾಳ ಚಲೋ, ನಾ ಇಲ್ಲ ಅನ್ನೂದಿಲ್ಲ. ಆದ್ರ ಎರಡೂ ಇದ್ದ ಬ್ಯಾಬಿಲಾನ್ 5 ಅನ್ನೂ ಬಾಹ್ಯಾಕಾಶದ ಸೀರೀಸ್ ಏನಾತು ಕೇಳ್ರಿ. ಸ್ಟ್ರಾಝಿನ್‌ಸ್ಕಿ ಅನ್ನಾಂವ ಐದು ವರ್ಷದ ಕಥಿ ಮೊದಲ ಹೊಂದಿಸಿ ಇಟ್ಕೊಂಡು 1994ಕ್ಕ ಸೀರೀಸ್ ಸುರು ಮಾಡಿದ, 110 ಎಪಿಸೋಡಿನ್ಯಾಗ 92 ತಾನ ಬರದಾನ. ನಟ ಬಿಟ್ಟು ಹೋದ್ರ ಏನ ಮಾಡೂದು ಅಂತ ಪ್ರತಿ ಪಾತ್ರಕ್ಕೂ ಒಂದು ಹಿತ್ತಲ ಬಾಗಲ ಇಟ್ಟಿದ್ದ. ಮೊದಲನೇ ವರ್ಷ ಮುಗಿಯೂದ ತಡ ನಾಯಕನ್ನ ಬದಲಿಸೂ ಪಾಳಿ ಬಂತು, ಬದಲಿಸಿದ, ಕಥಿ ನಿಂತಿತು. ಆದ್ರ ನಾಕನೇ ವರ್ಷಕ್ಕ ಚಾನೆಲ್ ಮುಚ್ಚೂ ಸುದ್ದಿ ಬಂತು, ಐದನೇ ವರ್ಷ ಸಿಗೂದಿಲ್ಲಂತ ಹೇಳಿ ಯುದ್ಧಗಿದ್ಧ ಎಲ್ಲಾ ನಾಕರಾಗ ತುರುಕಿ ಮುಗಿಸಿದ, ಕಡೀ ಎಪಿಸೋಡೂ ಶೂಟ್ ಮಾಡಿಬಿಟ್ಟ. ಅಷ್ಟರಾಗ ಬ್ಯಾರೆ ಚಾನೆಲ್‌ನವ್ರು ಬಂದು ಐದನೇ ವರ್ಷ ತಗೋ ಅಂದ್ರು! ಶೂಟ್ ಮಾಡಿದ ಕೊನಿ ಎತ್ತಿಟ್ಟು, ನಡಬರಕ ಒಂದು ವರ್ಷ ತುಂಬಿಸಬೇಕಾತು. ಐದನೇ ಸೀಸನ್ನಿನ ಮೊದಲ ಅರ್ಧ ನೋಡಿದ್ರ ಅದು ಕಾಣತೈತಿ, ಗಾಳಿ ಹೋದ ಹಂಗ ಐತಿ. ಪ್ಲ್ಯಾನ್ ಗಟ್ಟಿ ಇತ್ತು, ತಾರೀಖು ಎರಡು ಸಲ ಅಳ್ಳಾಡಿತು.

ಗುಮ್ಮಟದ_ಗುಂಯ್, ವಿಜಯಪುರ

ಈಗ ನಾ ನಿಮ್ಮ ಕಡೆ ಒಂದು ಸಾಕ್ಷಿ ಕೊಡ್ತೀನ್ ತಗೋರಿ, ಲಾಸ್ಟ್ ಮ್ಯಾಲಿನ ಸಿಟ್ಟು ಹಂಗ ಇರ್ಲಿ.

ಹೌ ಐ ಮೆಟ್ ಯುವರ್ ಮದರ್. ಹೆಸರಿಗೆ ಕಾಮಿಡಿ, ಆದ್ರ ತಾಯಿ ಯಾರು ಅನ್ನೂದ ಅದರ ನಿಗೂಢ. ಅಪ್ಪ ತನ್ನ ಮಗಳು ಮಗಾ ಇಬ್ಬರನ್ನೂ ಸೋಫಾದ ಮ್ಯಾಲ ಕುಂದ್ರಿಸಿ ಕಥಿ ಹೇಳ್ತಿರ್ತಾನ. ಮಕ್ಕಳು ಬೆಳದ ಬಿಡ್ತಾವ ಅಂತ ಹೇಳಿ, ಕಡೀಕ್ ಅವು ಹೇಳೂ ಮಾತನ್ನ ಎರಡನೇ ಸೀಸನ್ ಹೊತ್ತಿಗೇ ಶೂಟ್ ಮಾಡಿ ಇಟ್ಕೊಂಡಿದ್ರು. ಅಂದ್ರ 2006ರ ಸುಮಾರಿಗೆ. ಅಮ್ಮ ಸತ್ತು ಆರು ವರ್ಷ ಆತಪ್ಪಾ, ನಿನಗ ಇನ್ನೂ ಹಳೀ ಗೆಳತಿ ರಾಬಿನ್ ಮ್ಯಾಲ ಮನಸ್ಸದ, ಹೋಗು ಅಂತ. ಡಬ್ಬಿಯೊಳಗ ಭದ್ರ. ಇದಕ್ಕಿಂತ ಗಟ್ಟಿ ಪ್ಲ್ಯಾನ್ ಜಗತ್ತಿನಾಗ ಇದ್ದೀತೇನ್ರಿ? ಆದ್ರ ಸೀರಿಯಲ್ಲು ಹಿಟ್ ಆತು, ಒಂಬತ್ತು ಸೀಸನ್ ಎಳದ್ರು. ಎಳೂಮುಂದ ಏನಾತು, ರಾಬಿನ್‌ಗ ಅಪ್ಪನ ದೋಸ್ತ ಬಾರ್ನಿ ಕೂಡ ಲಗ್ನ ಹಚ್ಚಿದ್ರು, ಒಂಬತ್ತನೇ ಸೀಸನ್ ಅನ್ನೂದು ಪೂರ್ತಿ ಅದ ಲಗ್ನದ ಒಂದು ವಾರಾಂತ್ಯ, ಅದರಾಗ ಆ ತಾಯಿ ಪಾತ್ರದಾಕಿ ಬಂದು ಎಲ್ಲಾರ ಮನಸ್ಸ ಗೆದ್ದಳು. 2014ರ ಮಾರ್ಚ್‌ನಾಗ ಕೊನಿ ಬಂತು, ವರ್ಷಗಟ್ಟಲೆ ಕಟ್ಟಿದ ಲಗ್ನ ಕಡೀ ಎಪಿಸೋಡಿನಾಗ ಸ್ವಲ್ಪ ಹೊತ್ತಿನೊಳಗ ಮುರೀತು, ತಾಯಿ ಸತ್ಲು, ಎಂಟು ವರ್ಷದ ಹಿಂದಿನ ಆ ತುಂಡು ತಂದು ಅಂಟಿಸಿದ್ರು. ಮಂದಿ ಉರದ ಬಿದ್ರು. ಆಮ್ಯಾಲ ಡಿವಿಡಿಯೊಳಗ ಬ್ಯಾರೆ ಕೊನಿ ಹಾಕಿ ಮಾರೂ ಪರಿಸ್ಥಿತಿ ಬಂತು. ಎರಡು ಮೂರು ವರ್ಷಕ್ಕ ಮುಗಿಸಿದ್ರ ಅದ ಕೊನಿ ಭೇಷ್ ಅನಿಸ್ಕೊಂತಿತ್ತು, ಮಕ್ಕಳ ಮಾತು ಎಂಟು ವರ್ಷ ಹಂಗ ಇತ್ತು, ಪಾತ್ರಗಳು ಮಾತ್ರ ಬ್ಯಾರೆ ಮಂದಿ ಆಗಿಬಿಟ್ಟಿದ್ರು.

ಇನ್ನ ಇದರ ಉಲ್ಟಾ ಬ್ರೇಕಿಂಗ್ ಬ್ಯಾಡ್. ಐದನೇ ಸೀಸನ್ ಸುರುವಿಗೆ ಡ್ರಗ್ಸ್ ದಂಧೆಗೆ ಇಳದ ನಾಯಕ ವಾಲ್ಟರ್ ವೈಟ್ ಗಡ್ಡಾ ಕೂದಲಾ ಬಿಟ್ಕೊಂಡು ಹೋಟೆಲಿನಾಗ ಕುಂತಿರ್ತಾನ, ತನ್ನ ಹುಟ್ಟಹಬ್ಬ ಅಂತ ಹೇಳಿ ತಾಟಿನ್ಯಾಗ ಬೇಕನ್ ತುಂಡು ಮುರದು 52 ಅಂತ ಜೋಡಸ್ತಾನ, ಹೊರಗ ಹೋಗಿ ಕಾರಿನ ಡಿಕ್ಕಿ ತೆಗದ್ರ ಮಷೀನ್ ಗನ್ನು. ಆ ಗನ್ನು ಯಾರ ಸಲುವಾಗಿ ಅಂತ ಬರೆಯಾವ್ರಿಗೆ ಆವಾಗ ಗೊತ್ತಿದ್ದಿಲ್ಲ, ಅವರ ಹೇಳ್ಕೊಂಡಾರ. ಆದ್ರ 16 ಎಪಿಸೋಡು ಉಳದಾವ, ಅಷ್ಟರಾಗ ಮುಗೀಬೇಕು ಅನ್ನೂದು ಗೊತ್ತಿತ್ತು. 2013ರ ಸೆಪ್ಟೆಂಬರ್‌ನಾಗ ಆ ಗನ್ನು ಎಲ್ಲಿ ಹೋಗಿ ಹೊಡೀತು ಅಂತ ನೋಡಿದ್ರ ಮೊದಲಿಂದ ಅದಕ್ಕ ಇಟ್ಟಂಗ ಕಾಣ್ತದ.

ಜಮಖಂಡಿಬೆಲ್ಲ

ಅಂದ್ರ ಈಗ ಕ್ಯಾಂಪ್ ಅಣ್ಣಾರ ಬೆನ್ನಿಗೆ ನಿಂತ್ರಿ, ನನ್ನ ಕೂಡ ಮಾತ್ರ ಜಗಳಾ 😄

ಪ್ಲ್ಯಾನ್ ಬಗ್ಗೆ ನಂದು ಇನ್ನೊಂದು ಐತಿ. ಚಲೋ ಚಲೋದೆಲ್ಲಾ ಪ್ಲ್ಯಾನ್ ಇಲ್ಲದ ಬಂದದ್ದು. ಲಾಸ್ಟ್‌ನ ಬೆನ್ ನೆನಪ ಮಾಡ್ಕೋರಿ, ಆ ಗುಡ್ಡಗಣ್ಣಿನಾಂವ, ಮೈಕೆಲ್ ಎಮರ್ಸನ್, ಮೂರು ಎಪಿಸೋಡಿಗೆ ಅಂತ ಕರಸಿದ್ರು, ನಟನಿ ನೋಡಿ ಬಿಡಲೇ ಇಲ್ಲ, ಪೂರ್ತಿ ಕಥಿ ಅವನ ಸುತ್ತ ತಿರುಗಿತು. ಟ್ವಿನ್ ಪೀಕ್ಸ್‌ನ್ಯಾಗ ಬಾಬ್ ಅನ್ನೂ ದೆವ್ವ, ಅಂವಾ ನಟನ ಅಲ್ಲ, ಫ್ರ್ಯಾಂಕ್ ಸಿಲ್ವಾ ಅಂತ ಸೆಟ್‌ನ್ಯಾಗ ಸಾಮಾನು ಜೋಡಸೂ ಮನಶ್ಯಾ. ಶೂಟಿಂಗಿನ್ಯಾಗ ಕನ್ನಡಿಯೊಳಗ ಅವನ ಮುಖ ಬಿತ್ತು, ಬ್ಯಾರೆ ಯಾರರ ಆಗಿದ್ರ ಕಟ್ ಅಂತ ಒದರಿ ಇನ್ನೊಮ್ಮೆ ತಗೀತಿದ್ರು, ನಿರ್ದೇಶಕ ಡೇವಿಡ್ ಲಿಂಚ್ ಅದನ್ನ ಹಂಗ ಇಟ್ಕೊಂಡು ಅವನ್ನ ಕಥಿಯ ಮುಖ್ಯ ಕೇಡಿಗ ಮಾಡಿದ. ಈಗ ಹೇಳ್ರಿ, ಪ್ಲ್ಯಾನ್ ಹಿಡ್ಕೊಂಡು ಕುಂತಿದ್ರ ಬಾಬ್ ಎಲ್ಲಿಂದ ಬರ್ತಿದ್ದ?

ಮತ್ತ ಅಲ್ಲೂ ಚಾನೆಲ್‌ನವ್ರ ಹಾಳ ಮಾಡಿದ್ರು. ಕಥಿ ಸುರುವಿಗೆ ಹೆಣವಾಗಿ ಸಿಗೂ ಹುಡುಗಿ ಲೋರಾ ಪಾಮರ್‌ನ ಕೊಂದಾವ ಯಾರು ಅಂತ ಲಗೂ ಹೇಳಬೇಕು ಅಂತ ಒತ್ತಾಯ, 1990ರ ನವೆಂಬರ್‌ಗ ಹೇಳಿಬಿಟ್ರು, ಹೇಳಿದ ಮ್ಯಾಲ ನೋಡಾವ್ರು ಕರಗಿದ್ರು, 1991ಕ್ಕ ಬಂದ್. ಲಿಂಚ್‌ಗ ಅದನ್ನ ಹೇಳೂದ ಬ್ಯಾಡಾಗಿತ್ತು.

ಕ್ಯಾಂಪ್‌ಕಡೆಯಾಂವ, ಬೆಳಗಾವಿ

ಅಕ್ಕಾರ, ಬಾಬ್‌ಂದು ಪಕ್ಕಾ. ಆದ್ರ ಹೇಳೂದ ಇಲ್ಲ ಅನ್ನೂದೂ ಒಂದ ನಮೂನಿ ಮೋಸ ಅಲ್ಲೇನ್ರಿ? ದಿ ಕಿಲ್ಲಿಂಗ್ ಅಂತ ಡೆನ್ಮಾರ್ಕ್ ಸೀರೀಸ್ ಇತ್ತು, 2007ರದ್ದು, 20 ಎಪಿಸೋಡಿನ್ಯಾಗ ಒಂದ ಕೊಲಿ, ಕಡೀಕ ಯಾರು ಅಂತ ಹೇಳಿ ಬಾಗಲ ಹಾಕಿದ್ರು. ಅಮೆರಿಕಾದಾವ್ರು 2011ಕ್ಕ ಅದನ್ನ ತಮ್ಮ ಊರಿಗೆ ತಂದ್ರು, 13 ಎಪಿಸೋಡು ಹಗಲಿ ರಾತ್ರಿ ಮಳಿ ಸುರಿಸಿದ್ರು, ಸೀಸನ್ ಮುಗೀತು, ಕೊಲೆಗಾರ ಯಾರು ಹೇಳಲೇ ಇಲ್ಲ. ಮುಂದಿನ ವರ್ಷ ಬರ್ರಿ ಅಂದ್ರು. ಅಲ್ಲಿ ಮಂದಿ ಬಾಯಿಗೆ ಬಂದಂಗ ಬೈದ್ರು, ನಾ ಇಲ್ಲಿ ಕುಂತು ಬೈದೆ.

ಮತ್ತ ಇದು ಬರೇ ಹೊರಗಿನಾವ್ರ ರೋಗ ಅಲ್ರಿ. ನಮ್ಮ ಬೆಳಗಾವಿ ಮನಿಗಳಾಗ ಮರಾಠಿ ಧಾರಾವಾಹಿ ನೋಡಾವ್ರು ಭಾಳ, ರಾತ್ರೀಸ್ ಖೇಳ್ ಚಾಲೆ ಬಂದಾಗ ಓಣಿಯೊಳಗ ಅದ ಮಾತು, 2016ರಾಗ. ಕೊಂಕಣದ ಒಂದು ಹಳೀ ವಾಡೆ, ಅಣ್ಣಾ ನಾಯಿಕ್ ಅನ್ನೂ ಹಿರಿಯ ಸತ್ತದ್ದಕ್ಕ ಮಕ್ಕಳು ಮರಿ ಕೂಡ್ತಾರ, ಅಲ್ಲಿಂದ ಹೆದರಿಸಾಕ ಸುರು. ಮುಗೀತು. 2019ಕ್ಕ ಎರಡನೇ ಭಾಗ ಬಂತು, ಮುಂದ ಏನಾತು ಅಂತ ನೋಡಾಕ ಕುಂತ್ರ ಕಥಿ ಹಿಂದಕ್ಕ ಹೋತು, ಸತ್ತ ಅಣ್ಣಾ ಬದುಕಿದ್ದಾಗಿನ ಕಥಿ! ಖರೆ ಹೇಳಬೇಕಂದ್ರ ಅದ ಚಲೋ ಇತ್ತು, ಯಾಕಂದ್ರ ಅಣ್ಣಾ ಸಾಯ್ತಾನ ಅನ್ನೂ ಗಡುವು ಮೊದಲ ಗೊತ್ತಿತ್ತು, ಇದು ಮಾಸ್ತರು ಹೇಳಿದ್ದಕ್ಕ ಹತ್ರ ಬರತೈತಿ ಅನ್ರಿ. ದಿನದ ಧಾರಾವಾಹಿಯೊಳಗ ಬ್ಯಾರೆ ದಾರಿನೂ ಇಲ್ಲ. ಗುರುವಾರಕ್ಕೊಮ್ಮೆ ಟಿಆರ್‌ಪಿ ಬರತೈತಿ, ಏರಿದ್ರ ಎಳೀರಿ, ಇಳದ್ರ ಮುಗಸ್ರಿ, ಹಿಂಗಿದ್ದಾಗ ಕೊಲೆಗಾರ ಯಾರು ಅಂತ ಬರದಿಟ್ಟಾಂವ ಆ ಹಾಳಿ ಹರದು ಒಗೀಬೇಕಷ್ಟ. ಸಿಐಡಿ ಇಪ್ಪತ್ತು ವರ್ಷ ಓಡಿತಂದ್ರ ಇದಕ್ಕ, ದೊಡ್ಡ ಗುಟ್ಟು ಇಟ್ಕೊಳ್ಳಲೇ ಇಲ್ಲ, ಅವತ್ತಿಂದು ಅವತ್ತ ಬಾಗಲ ಒದ್ದು ಮುಗಸೂದು.

ನಿವೃತ್ತ_ಮಾಸ್ತರ, ಬೈಲಹೊಂಗಲ

ಬಾಕಿ ಬರಸಿದ್ರ ತೀರಸಬೇಕು, ಅದು ನ್ಯಾಯ. ಆದ್ರ ತೀರಸೂದ ಆಗೂದಿಲ್ಲ ಅಂತ ಮೊದಲ ಹೇಳಿ ಕಥಿ ಸುರು ಮಾಡಿದ್ರ?

ಜಮಖಂಡಿಬೆಲ್ಲ

ಮಾಸ್ತರ, ಅಂಥಾದೊಂದು ಐತ್ರಿ! ದಿ ಲೆಫ್ಟೋವರ್ಸ್. ಲಾಸ್ಟ್ ಬರದ ಡೇಮನ್ ಲಿಂಡೆಲಾಫ್‌ನ ಸಲುವಾಗಿ ಇಷ್ಟೊತ್ತು ಬೈದ್ರಲ್ಲ, ಅಂವಾನ ಅದನ್ನ ಮಾಡಿದ್ದು, 2014ರಿಂದ 2017ರ ತನಕಾ, ಬರೇ 28 ಎಪಿಸೋಡು. ಒಂದಿನ ಜಗತ್ತಿನ ನೂರಕ್ಕ ಎರಡು ಮಂದಿ ನಿಂತಲ್ಲೇ ಮಾಯ ಆಗ್ತಾರ. ಲಾಂಡ್ರಿ ಹೊರಗ ಕಾರಿನ್ಯಾಗ ಕೂಸು ಅಳತಿರತೈತಿ, ತಾಯಿ ಫೋನ್‌ನ್ಯಾಗ ಮಾತಾಡಕೋತ ಕುಂತಾಕಿ ಹೊಳ್ಳಿ ನೋಡಿದ್ರ ಹಿಂದಿನ ಸೀಟು ಖಾಲಿ. ಯಾಕ ಹಂಗಾತು ಹೇಳೂದಿಲ್ಲ ಅಂತ ಮೊದಲ ಡಂಗುರ ಸಾರಿದ್ರು, ಹೇಳಲೂ ಇಲ್ಲ. ಉಳದಾವ್ರು ಹೆಂಗ ಬಾಳ್ವಿ ಮಾಡ್ತಾರ ಅನ್ನೂದ ಕಥಿ. ಕಡೀ ಎಪಿಸೋಡಿನ್ಯಾಗ ಗಂಡ ಮಕ್ಕಳನ್ನ ಹಂಗ ಕಳಕೊಂಡ ನೋರಾ ಅಡಗಿ ಮನಿ ಟೇಬಲ್ಲಿಗೆ ಕುಂತು ತಾನ ಎಲ್ಲಿ ಹೋಗಿ ಬಂದ್ಲು ಅಂತ ಹೇಳ್ತಾಳ, ನಮಗ ಏನೂ ತೋರಸೂದಿಲ್ಲ, ಆಕಿ ಮುಖ ಅಷ್ಟ. ಖರೆ ಹೇಳಾಕತ್ತಾಳೋ ಕಟ್ಟಿ ಹೇಳಾಕತ್ತಾಳೋ ನೀವ ನೋಡ್ಕೋರಿ. ಎದುರಿಗೆ ಕುಂತ ಆಕಿ ಗೆಳೆಯ ಕೆವಿನ್ ನಂಬ್ತೀನಿ ಅಂತಾನ. ನಾನೂ ನಂಬಿದೆ, ನಮ್ಮ ಮನಿಯವ್ರು ಸುಳ್ಳ ಅಂದ್ರು, ಇಬ್ಬರಿಗೂ ಸಮಾಧಾನ ಆತು.

ಗುಮ್ಮಟದ_ಗುಂಯ್, ವಿಜಯಪುರ

ಇದನ್ನ ಒಪ್ಪಿದೆ. ಲೆಫ್ಟೋವರ್ಸ್ ಮ್ಯಾಲ ನಂದು ಒಂದು ಮಾತಿಲ್ಲ. ಮೂರನೇ ಸೀಸನ್ ಕಡೀದು ಅಂತ ಸಾರಿನ ಸುರು ಮಾಡಿದ್ರು ಅನ್ನೂದನ್ನೂ ಲೆಕ್ಕಕ್ಕ ತಗೋರಿ ಮತ್ತ.

ಸೆರಗಕೊಂಡಿ, ಇಳಕಲ್

ಈಗ ನಡದಿದ್ರ ಬಗ್ಗೆ ಏನಂತೀರಿ? ಸೆವೆರೆನ್ಸ್, ಆಫೀಸಿನ ನೆನಪು ಬ್ಯಾರೆ ಮನಿ ನೆನಪು ಬ್ಯಾರೆ ಮಾಡಿಸ್ಕೊಂಡ ಮಂದಿ ಕಥಿ. 2022ರ ಫೆಬ್ರವರಿಗೆ ಮೊದಲನೇ ಸೀಸನ್, ಎರಡನೇದು ಬರಾಕ 2025ರ ಜನವರಿ, ನಡಬರಕ ಹಾಲಿವುಡ್ ಬರೆಯಾವ್ರ ಮುಷ್ಕರ ಬ್ಯಾರೆ. ಕೊನಿ ಗೊತ್ತೈತಿ ಅಂತ ಮಾಡಾವ್ರು ಹೇಳಾಕತ್ತಾರ. ಆಫೀಸಿನ್ಯಾಗ ಮೇಕಿ ಯಾಕ ಸಾಕ್ಯಾರ ಅಂತ ತಿಳ್ಕೊಳ್ಳಾಕ ಮೂರು ವರ್ಷ ಕಾಯ್ದೆ ನಾ. ಹೇಳಿದ್ರೂ, ಹೇಳಿದಂಗಾತೇನ ಅದು?

ಹಾಸ್ಟೆಲ್_ಹುಡುಗ, ಬೆಳಗಾವಿ

ಅಕ್ಕಾ ಮೇಕಿ ಬಗ್ಗೆ ನಂದೊಂದು ಥಿಯರಿ ಐತಿ, ಎಕ್ಸಾಂ ಮುಗೀಲಿ ಬ್ಯಾರೆ ಥ್ರೆಡ್ ಹಾಕ್ತೀನಿ

ಕ್ಯಾಂಪ್‌ಕಡೆಯಾಂವ, ಬೆಳಗಾವಿ

ಸೆವೆರೆನ್ಸ್‌ಗ ಎಷ್ಟ ಸೀಸನ್ ಅಂತ ಬಾಯಿ ಬಿಟ್ಟು ಹೇಳಿದ ದಿನ ನಾ ನಂಬತೀನ್ರಿ, ಅಲ್ಲೀತನಕಾ ಕೊನಿ ಗೊತ್ತೈತಿ ಅನ್ನೂ ಮಾತಿಗೆ ನನ್ನ ಹತ್ರ ಕಿಮ್ಮತ್ತಿಲ್ಲ.

ನಿವೃತ್ತ_ಮಾಸ್ತರ, ಬೈಲಹೊಂಗಲ

ಹುಡುಗೂರ, ನನಗ ಒಂದು ಹೇಳ್ರಿ. ಕೊಲಿ ಕಥಿ ಇರಬೇಕು, ಸಣ್ಣದಿರಬೇಕು, ಬಾಕಿ ಉಳಿಸಿರಬಾರದು. ಕೆಳಗ ಅಕ್ಷರ ಬಂದ್ರ ಇಂಗ್ಲಿಷ್ ಓದ್ತೀನಿ, ತಕರಾರಿಲ್ಲ.

ಗುಮ್ಮಟದ_ಗುಂಯ್, ವಿಜಯಪುರ

ಬ್ರಾಡ್‌ಚರ್ಚ್ ಹಾಕಿಸ್ಕೋರಿ ಮಾಸ್ತರ, ಇಂಗ್ಲೆಂಡಿನದು, 2013, ಎಂಟ ಎಪಿಸೋಡು. ಸಮುದ್ರ ದಂಡಿ ಊರು, ಕಡಿದಾದ ಗುಡ್ಡದ ಬುಡಕ ಒಂದು ಸಣ್ಣ ಹುಡುಗನ ಹೆಣ, ಊರಾಗ ಎಲ್ಲಾರಿಗೂ ಎಲ್ಲಾರೂ ಗೊತ್ತು, ಅದಕ್ಕ ಒಬ್ಬರ ಮ್ಯಾಲೊಬ್ಬರಿಗೆ ಸಂಶಯ. ಕೊಂದಾವ ಯಾರಂತ ಶೂಟಿಂಗ್ ಮಾಡೂಮುಂದ ಭಾಳಷ್ಟು ನಟರಿಗೇ ಹೇಳಿದ್ದಿಲ್ಲ. ಎಂಟನೇದರಾಗ ಬಾಕಿ ಚುಕ್ತಾ.

ಜಮಖಂಡಿಬೆಲ್ಲ

ಎಂಟು ಮುಗದ ಕೂಡ್ಲೆ ಬಂದ್ ಮಾಡ್ಸಿಬಿಡ್ರಿ ಮಾಸ್ತರ. ಅದು ಹಿಟ್ ಆತಂತ ಹೇಳಿ ಎರಡನೇ ಸೀಸನ್ ಮಾಡ್ಯಾರ, ಮೊಮ್ಮಗ ಹಾಕಾಕ ಬಂದ್ರ ರಿಮೋಟ್ ಕಸ್ಕೋರಿ.